‘ದ ಬರ್ತ್‌ಡೇ ಪಾರ್ಟಿ’: ಪಿಂಟರ್ ನಾಟಕ ಮೊದಲೋ, ಫ್ರೀಡ್ಕಿನ್ ಸಿನಿಮಾ ಮೊದಲೋ?

ಹೆರಾಲ್ಡ್ ಪಿಂಟರ್ ಅವರ ‘ದ ಬರ್ತ್‌ಡೇ ಪಾರ್ಟಿ’ 1958ರಲ್ಲಿ ರಂಗಕ್ಕೆ ಬಂದ ಮೂರು ಅಂಕದ ನಾಟಕ. ಹತ್ತು ವರ್ಷದ ನಂತರ, 1968ರಲ್ಲಿ, ವಿಲಿಯಂ ಫ್ರೀಡ್ಕಿನ್ ಅದನ್ನು ಸಿನಿಮಾ ಮಾಡಿದರು. ಯಾವುದನ್ನು ಮೊದಲು ಹಿಡಿಯಬೇಕು ಅಂತ ಕೇಳುವವರು ಇದ್ದಾರೆ. ನಾಟಕದಿಂದ ಬಂದ ಬೇರೆ ಸಿನಿಮಾಗಳಾಗಿದ್ದರೆ ಉತ್ತರ ಸುಲಭವಿತ್ತು. ಅಲ್ಲಿ ಕಥೆ ಬದಲಾಗಿರುತ್ತದೆ, ಹೊಸ ಪಾತ್ರ ಸೇರಿರುತ್ತದೆ, ಎರಡನ್ನೂ ಬೇರೆ ಬೇರೆ ಅಂತಲೇ ನೋಡಿಬಿಡಬಹುದು. ಇಲ್ಲಿ ಹಾಗಾಗುವುದಿಲ್ಲ. ಸಿನಿಮಾದ ಚಿತ್ರಕಥೆಯನ್ನೂ ಪಿಂಟರ್ ಅವರೇ ಬರೆದರು. ಮಾತು ಬಹುಪಾಲು ನಾಟಕದ್ದೇ. ಅದೇ ಮನೆ, ಅದೇ ಆರು ಜನ.

ಆದರೂ ಎರಡೂ ಹೆದರಿಸುವ ರೀತಿ ಬೇರೆ. ಈ ಕ್ಷಣ ಯಾರನ್ನು ನೋಡಬೇಕು ಅಂತ ತೀರ್ಮಾನ ಮಾಡುವವರು ಯಾರು? ಎಲ್ಲ ವ್ಯತ್ಯಾಸವೂ ಇಲ್ಲಿಂದಲೇ ಹುಟ್ಟುತ್ತದೆ ಅಂತ ನನಗೆ ಅನ್ನಿಸುತ್ತದೆ. ನಾಟಕದಲ್ಲಿ ಆ ತೀರ್ಮಾನ ನಿಮ್ಮದು, ಸಿನಿಮಾದಲ್ಲಿ ಕ್ಯಾಮೆರಾದ್ದು. ನಿಮಗೆ ಯಾವುದು ಸರಿಹೋಗುತ್ತದೆ ಅನ್ನೋದನ್ನು ಇದನ್ನೇ ಹಿಡಿದುಕೊಂಡು ನೋಡೋಣ.

ಕಥೆಯ ಕೊನೆಯನ್ನೂ ಇಲ್ಲಿ ಹೇಳುತ್ತೇನೆ. ಕೊನೆ ಗೊತ್ತಾದರೆ ಕೆಡುವ ಕಥೆ ಇದಲ್ಲ. ಕೊನೆ ಗೊತ್ತಾದ ಮೇಲೂ ಏನು ನಡೆಯಿತು, ಯಾಕೆ ನಡೆಯಿತು ಅಂತ ತಿಳಿಯುವುದಿಲ್ಲ.

ಕಥೆ ಇಷ್ಟು

ಇಂಗ್ಲೆಂಡಿನ ಒಂದು ಕಡಲತೀರದ ಊರು. ಅಲ್ಲೊಂದು ಮಾಸಿದ ಬೋರ್ಡಿಂಗ್ ಹೌಸ್. ಮೆಗ್ ಮತ್ತು ಪೀಟಿ ಅನ್ನೋ ಅರವತ್ತು ದಾಟಿದ ಗಂಡ ಹೆಂಡತಿ ಅದನ್ನು ನಡೆಸುತ್ತಾರೆ. ಪೀಟಿ ಬೀಚಿನಲ್ಲಿ ಒರಗು ಕುರ್ಚಿ ಬಾಡಿಗೆಗೆ ಕೊಡುವ ಕೆಲಸ ಮಾಡುತ್ತಾನೆ. ಮನೆಯಲ್ಲಿ ಒಬ್ಬನೇ ಬಾಡಿಗೆದಾರ, ಸ್ಟಾನ್ಲಿ. ವಯಸ್ಸು ನಲವತ್ತರ ಹತ್ತಿರ. ಹಿಂದೆ ಪಿಯಾನೋ ನುಡಿಸುತ್ತಿದ್ದೆ ಅಂತಾನೆ. ಈಗ ಗಡ್ಡ ಬೋಳಿಸದೆ, ಪೈಜಾಮಾದಲ್ಲೇ ಕೆಳಗೆ ಬಂದು, ಹಾಲು ಒಡೆದಿದೆ ಅಂತ ಮೆಗ್ ಮೇಲೆ ರೇಗುತ್ತಾನೆ. ಒಂದು ದಿನ ಇಬ್ಬರು ಬರುತ್ತಾರೆ. ಒಬ್ಬ ಗೋಲ್ಡ್‌ಬರ್ಗ್, ಮಾತಿನ ಮಲ್ಲ, ನಯವಾದ ಸೂಟಿನವನು. ಇನ್ನೊಬ್ಬ ಮಕ್ಯಾನ್, ಐರಿಷ್, ಕಡಿಮೆ ಮಾತಿನವನು. ಇವತ್ತು ಸ್ಟಾನ್ಲಿಯ ಹುಟ್ಟುಹಬ್ಬ ಅಂತ ಮೆಗ್ ಹೇಳುತ್ತಾಳೆ. ಇವತ್ತಲ್ಲ ಅಂತ ಸ್ಟಾನ್ಲಿ ಹೇಳುತ್ತಾನೆ. ಪಾರ್ಟಿ ಮಾತ್ರ ನಡೆದೇ ನಡೆಯುತ್ತದೆ. ಮಾರನೇ ದಿನ ಬೆಳಿಗ್ಗೆ ಗಡ್ಡ ಬೋಳಿಸಿ, ಕಪ್ಪು ಸೂಟು ತೊಡಿಸಿ, ಮಾತೇ ಹೊರಡದಂತಾದ ಸ್ಟಾನ್ಲಿಯನ್ನು ಆ ಇಬ್ಬರು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ.

ಅವರು ಯಾರು, ಅವರನ್ನು ಕಳಿಸಿದವರು ಯಾರು, ಇವನು ಮಾಡಿದ ತಪ್ಪಾದರೂ ಏನು? ಪಿಂಟರ್ ಹೇಳುವುದಿಲ್ಲ. ಸಿನಿಮಾದಲ್ಲೂ ಹೇಳಲಿಲ್ಲ. ಇದನ್ನು ನಾನು ಫ್ರೀಡ್ಕಿನ್ ಅವರ ದೊಡ್ಡ ಗೆಲುವು ಅಂತ ಎಣಿಸುತ್ತೇನೆ. ಸಿನಿಮಾಕ್ಕೆ ದುಡ್ಡು ಹಾಕುವವರಿಗೆ ವಿವರಣೆ ಬೇಕಿರುತ್ತದೆ. ಒಂದೇ ಒಂದು ಫ್ಲ್ಯಾಶ್‌ಬ್ಯಾಕ್ ಸೇರಿಸಿದ್ದರೂ ಈ ಕಥೆ ಅಲ್ಲೇ ಸತ್ತುಹೋಗುತ್ತಿತ್ತು.

ಹುಟ್ಟಿದಾಗಲೇ ಬಿದ್ದ ಪೆಟ್ಟು

ನಾಟಕದ ಮೊದಲ ಪ್ರದರ್ಶನ 1958ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ಆರ್ಟ್ಸ್ ಥಿಯೇಟರ್‌ನಲ್ಲಿ ಆಯಿತು. ಅಲ್ಲಿ ಜನ ಮೆಚ್ಚಿದರು. ಮೇ ತಿಂಗಳಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ಗೆ ಬಂದಾಗ ಪತ್ರಿಕೆಗಳ ವಿಮರ್ಶಕರು ಹರಿದು ಹಾಕಿದರು. ಒಂದೇ ವಾರಕ್ಕೆ ನಾಟಕ ನಿಂತಿತು. ಒಂದು ಮಧ್ಯಾಹ್ನದ ಶೋಗೆ ಬಂದಿದ್ದವರು ಆರೇ ಜನ. ‘ಸಂಡೇ ಟೈಮ್ಸ್’ನ ಹೆರಾಲ್ಡ್ ಹಾಬ್ಸನ್ ಒಬ್ಬರೇ ಬಾಯಿ ತುಂಬಾ ಹೊಗಳಿದರು. ಆ ವಿಮರ್ಶೆ ಅಚ್ಚಾಗಿ ಬರುವ ಹೊತ್ತಿಗೆ ಪ್ರದರ್ಶನ ಮುಗಿದೇ ಹೋಗಿತ್ತು. 1960ರಲ್ಲಿ ಪಿಂಟರ್ ಅವರ ಇನ್ನೊಂದು ನಾಟಕ ‘ದ ಕೇರ್‌ಟೇಕರ್’ ಗೆದ್ದ ಮೇಲೆ ಜನ ಇದರ ಕಡೆಗೂ ತಿರುಗಿ ನೋಡಿದರು.

ಇದನ್ನು ಹೇಳುವುದಕ್ಕೆ ಕಾರಣ ಇದೆ. ಮೊದಲ ಸಲ ಓದುವಾಗ ‘ಇದೇನು, ಏನೂ ಅರ್ಥವಾಗ್ತಿಲ್ವಲ್ಲ’ ಅಂತ ನಿಮಗೆ ಅನ್ನಿಸಿದರೆ, ಲಂಡನ್ನಿನ ಪಳಗಿದ ವಿಮರ್ಶಕರಿಗೂ ಹಾಗೇ ಅನ್ನಿಸಿತ್ತು. ಪುಸ್ತಕ ಅಲ್ಲಿಗೇ ಮುಚ್ಚಿಬಿಡಬೇಡಿ.

ಫ್ರೀಡ್ಕಿನ್ ಆಗಿನ್ನೂ ಹೆಸರು ಮಾಡಿರಲಿಲ್ಲ. ‘ದ ಫ್ರೆಂಚ್ ಕನೆಕ್ಷನ್’ ಬಂದದ್ದು 1971ರಲ್ಲಿ, ‘ದ ಎಕ್ಸಾರ್ಸಿಸ್ಟ್’ 1973ರಲ್ಲಿ. ‘ದ ಬರ್ತ್‌ಡೇ ಪಾರ್ಟಿ’ ನಾಟಕ ಅವರ ತಲೆಯಲ್ಲಿ ಕೂತುಬಿಟ್ಟಿತ್ತು, ಮನಸ್ಸಿಟ್ಟು ಮಾಡಿದ ಸಿನಿಮಾ ಇದು. ‘ದ ಎಕ್ಸಾರ್ಸಿಸ್ಟ್’ನಲ್ಲಿ ದೆವ್ವ ಹಿಡಿದ ಹುಡುಗಿಯ ಕೋಣೆಯನ್ನು ಅಷ್ಟು ಚೆನ್ನಾಗಿ ತೋರಿಸಿದವರು ಅದಕ್ಕೂ ಮುಂಚೆ ಈ ಬೋರ್ಡಿಂಗ್ ಹೌಸಿನ ಊಟದ ಕೋಣೆಯಲ್ಲಿ ಕೈ ಪಳಗಿಸಿಕೊಂಡಿದ್ದರು.

ಕೂರುವ ಜಗಳ

ಎರಡೂ ಎಲ್ಲಿ ಬೇರೆಯಾಗುತ್ತವೆ ಅಂತ ನೋಡಬೇಕಾದರೆ ಎರಡನೇ ಅಂಕದ ಒಂದು ಸಣ್ಣ ಭಾಗ ಸಾಕು.

ಗೋಲ್ಡ್‌ಬರ್ಗ್ ಸ್ಟಾನ್ಲಿಗೆ ಕೂತುಕೊಳ್ಳಿ ಅಂತಾನೆ. ಸ್ಟಾನ್ಲಿ ಯಾಕೆ ಕೂರಬೇಕು ಅಂತಾನೆ. ಮಕ್ಯಾನ್ ಬಂದು ಕೂತ್ಕೋ ಅಂತಾನೆ. ಇಲ್ಲ, ನೀನು ಕೂತ್ಕೋ. ಇಲ್ಲ, ನೀನು. ನಾನು ಕೂತರೆ ನೀನು ಕೂರ್ತೀಯಾ? ಮೊದಲು ನೀನು. ಮಕ್ಯಾನ್ ನಿಧಾನವಾಗಿ ಕೂರುತ್ತಾನೆ. ತಕ್ಷಣ ಸ್ಟಾನ್ಲಿ, ಸರಿ, ಇಬ್ಬರೂ ಸುಧಾರಿಸಿಕೊಂಡಿರಲ್ಲ, ಇನ್ನು ಹೊರಡಿ ಅಂತಾನೆ. ಮಕ್ಯಾನ್ ಕೆರಳಿ ಎದ್ದು ನಿಲ್ಲುತ್ತಾನೆ. ಗೋಲ್ಡ್‌ಬರ್ಗ್ ಕೂಡ ಏಳುತ್ತಾನೆ.

ಓದುವಾಗ ಮಕ್ಕಳ ಜಗಳದ ಹಾಗಿದೆ. ನಗು ಬರುತ್ತದೆ. ಆದರೆ ಹೆಡ್‌ಮಾಸ್ಟರ್ ಕೋಣೆಯಲ್ಲಿ ತಪ್ಪು ಮಾಡಿದ ಹುಡುಗನಾಗಿ ನಿಂತವರಿಗೆ ಗೊತ್ತಿರುತ್ತದೆ, ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಅನ್ನೋದು ಸಣ್ಣ ವಿಷಯವಲ್ಲ. ಕೂತ ಮೇಲೆ ಸ್ಟಾನ್ಲಿಯ ಕಥೆ ಮುಗಿಯುತ್ತದೆ. ಅದು ಅವನಿಗೆ ಗೊತ್ತು, ಆ ಇಬ್ಬರಿಗೂ ಗೊತ್ತು, ನೋಡುತ್ತಿರುವ ನಮಗೂ ಅಷ್ಟೊತ್ತಿಗೆ ಗೊತ್ತಾಗಿರುತ್ತದೆ.

ರಂಗದ ಮೇಲೆ ಮೂರೂ ದೇಹಗಳು ಒಟ್ಟಿಗೆ ಕಾಣುತ್ತವೆ. ಒಬ್ಬ ಎದ್ದರೆ ಇನ್ನೊಬ್ಬನ ಭುಜ ಬಿಗಿಯಾಗುತ್ತದೆ. ನಡುವಿನ ಖಾಲಿ ಜಾಗ ಕಾಣುತ್ತದೆ, ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಕೊನೆಗೆ ಸ್ಟಾನ್ಲಿ ಕೂತಾಗ ಇಡೀ ರಂಗದ ತೂಕ ಅವನ ಮೇಲೆ ಬಿದ್ದ ಹಾಗಾಗುತ್ತದೆ. ಇದನ್ನು ಒಳ್ಳೆಯ ತಂಡ ಆಡಿದಾಗ ನೋಡುವುದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಕೂತ ಮೇಲೆ ಪ್ರಶ್ನೆಗಳ ಸುರಿಮಳೆ. ಸಂಸ್ಥೆಯನ್ನು ಯಾಕೆ ಬಿಟ್ಟೆ? ಹೆಂಡತಿಯನ್ನು ಯಾಕೆ ಕೊಂದೆ? 846 ಅನ್ನೋ ಸಂಖ್ಯೆ ಸಾಧ್ಯವಾದದ್ದಾ, ಅಗತ್ಯವಾದದ್ದಾ? ಕೋಳಿ ರಸ್ತೆ ಯಾಕೆ ದಾಟಿತು? ಒಂದಕ್ಕೊಂದು ಸಂಬಂಧ ಇಲ್ಲ. ಉತ್ತರ ಕೊಡುವುದಕ್ಕೆ ಬಿಡುವೂ ಇಲ್ಲ. ನಡುವೆ ಅವನ ಕನ್ನಡಕ ಕಿತ್ತುಕೊಳ್ಳುತ್ತಾರೆ.

ಇಲ್ಲಿಂದ ಮುಂದೆ ಸಿನಿಮಾ ಮೇಲುಗೈ ಪಡೆಯುತ್ತದೆ. ಕ್ಯಾಮೆರಾ ಮುಖಕ್ಕೆ ಹತ್ತಿರ ಬರುತ್ತದೆ. ಕನ್ನಡಕ ಇಲ್ಲದ ಕಣ್ಣು ಏನನ್ನೂ ಹಿಡಿಯಲಾರದೆ ತಡಕಾಡುವುದು, ಬೆವರು, ಅಲುಗುವ ತುಟಿ, ಇವೆಲ್ಲ ಹದಿನೈದನೇ ಸಾಲಿನಲ್ಲಿ ಕೂತ ಪ್ರೇಕ್ಷಕನಿಗೆ ಎಲ್ಲಿ ಕಾಣಬೇಕು? ಒಬ್ಬ ಮನುಷ್ಯ ಒಳಗಿನಿಂದ ಕುಸಿಯುವುದನ್ನು ನೋಡಬೇಕು ಅಂದರೆ ಸಿನಿಮಾವೇ ಸರಿ. ಅವನನ್ನು ಮೂಲೆಗೆ ಹೇಗೆ ತಳ್ಳುತ್ತಾರೆ ಅಂತ ನೋಡಬೇಕು ಅಂದರೆ ರಂಗವೇ ಸರಿ.

ಸದ್ದು ಮತ್ತು ಮೌನ

ಮಕ್ಯಾನ್‌ಗೆ ಒಂದು ಚಟ. ಮೇಜಿನ ಮುಂದೆ ಕೂತು ನ್ಯೂಸ್ ಪೇಪರನ್ನು ಒಂದೇ ಅಳತೆಯ ಪಟ್ಟಿಗಳಾಗಿ ಹರಿಯುತ್ತಾನೆ. ಅವಸರವಿಲ್ಲ, ಸಿಟ್ಟೂ ಇಲ್ಲ. ಸುಮ್ನೆ, ನೀಟಾಗಿ ಹರಿಯುತ್ತಾ ಹೋಗುತ್ತಾನೆ. ಸ್ಟಾನ್ಲಿ ಆ ಪಟ್ಟಿಗಳನ್ನು ಮುಟ್ಟಲು ಹೋದರೆ ಮುಟ್ಟಬೇಡ ಅಂತಾನೆ. ಪುಸ್ತಕದಲ್ಲಿ ಇದು ರಂಗಸೂಚನೆಯ ಒಂದು ಸಾಲು. ಕಣ್ಣು ದಾಟಿಕೊಂಡು ಹೋಗಿಬಿಡುತ್ತದೆ. ಸಿನಿಮಾದಲ್ಲಿ ಆ ಹರಿಯುವ ಸದ್ದು ಕಿವಿಯ ಪಕ್ಕದಲ್ಲೇ ಕೇಳಿ ಮೈ ಜುಂ ಅನ್ನುತ್ತದೆ. ಓದುವಾಗ ನೀವೂ ಒಂದು ಹಳೇ ಪೇಪರ್ ತೆಗೆದುಕೊಂಡು ಒಂದು ಪಟ್ಟಿ ಹರಿದು ನೋಡಿ. ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಸದ್ದು ಬರುತ್ತದೆ ಅಂತ ತಿಳಿದ ಮೇಲೆ ಆ ಸಾಲು ಬೇರೆಯದೇ ಆಗುತ್ತದೆ.

ಮೌನದ ವಿಷಯಕ್ಕೆ ಬಂದರೆ ನನ್ನ ಓಟು ರಂಗಕ್ಕೆ. ಪಿಂಟರ್ ತಮ್ಮ ನಾಟಕಗಳಲ್ಲಿ ಸಣ್ಣ ತಡೆ, ದೊಡ್ಡ ಮೌನ ಅಂತ ಬೇರೆ ಬೇರೆಯಾಗಿ ಬರೆದಿಡುತ್ತಾರೆ. ಥಿಯೇಟರಿನಲ್ಲಿ ಆ ಹೊತ್ತಿಗೆ ಎಲ್ಲರೂ ಸುಮ್ಮನಾಗಬೇಕು. ಯಾರಾದರೂ ಕೆಮ್ಮಿದರೂ ಕೇಳಿಸುತ್ತದೆ. ಮುಂದಿನ ಮಾತು ಬಂದರೆ ಸಾಕಪ್ಪ ಅನ್ನಿಸುತ್ತದೆ. ಸಿನಿಮಾದಲ್ಲಿ ಮೌನ ಇದ್ದರೂ ಚಿತ್ರ ಇರುತ್ತದಲ್ಲ, ಕಣ್ಣಿಗೆ ಏನೋ ಒಂದು ಕೆಲಸ ಸಿಕ್ಕಿಬಿಡುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದರಂತೂ ಕೈ ಫೋನಿನ ಕಡೆ ಹೋಗುತ್ತದೆ. ಈ ಸಿನಿಮಾ ನೋಡುವುದಾದರೆ ದೀಪ ಆರಿಸಿ, ಫೋನು ಬೇರೆ ಕೋಣೆಯಲ್ಲಿಟ್ಟು, ಒಂದೇ ಪಟ್ಟಿಗೆ ನೋಡಿ. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ. ಬಿಟ್ಟು ಬಿಟ್ಟು ನೋಡಿದರೆ ಏನೂ ಉಳಿಯುವುದಿಲ್ಲ.

ಪಾರ್ಟಿಯ ಕತ್ತಲೆಗೂ ಇದೇ ಮಾತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಡಿಯುವ ಆಟ ನಡೆಯುತ್ತಿರುತ್ತದೆ. ಮಕ್ಯಾನ್ ಸ್ಟಾನ್ಲಿಯ ಕನ್ನಡಕ ಮುರಿಯುತ್ತಾನೆ. ಅವನು ನಡೆಯುವ ದಾರಿಯಲ್ಲಿ ಮೆಗ್ ಪ್ರೀತಿಯಿಂದ ತಂದುಕೊಟ್ಟ ಆಟದ ಡ್ರಮ್ಮನ್ನು ಇಡುತ್ತಾನೆ. ಸ್ಟಾನ್ಲಿಯ ಕಾಲು ಅದರೊಳಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ. ಹಾಗೇ ಕಾಲೆಳೆದುಕೊಂಡು ಹೋಗಿ ಮೆಗ್ ಕತ್ತು ಹಿಸುಕುತ್ತಾನೆ. ಆಗ ದೀಪ ಹೋಗುತ್ತದೆ. ರಂಗದ ಮೇಲೆ ಇದು ನಿಜವಾದ ಕತ್ತಲೆ. ನೀವು ಕೂತಿರುವ ಜಾಗವೂ ಅದೇ ಕತ್ತಲೆಯ ಒಳಗಿರುತ್ತದೆ. ಯಾರೋ ನಡೆಯುತ್ತಾರೆ, ಯಾರೋ ಕಿರುಚುತ್ತಾರೆ, ಒಂದು ಟಾರ್ಚು ಹತ್ತಿ ಯಾರ್‍ಯಾರನ್ನೋ ಹುಡುಕುತ್ತದೆ. ಪರದೆಯ ಮೇಲಿನ ಕತ್ತಲೆಗೆ ಒಂದು ಚೌಕಟ್ಟು ಇರುತ್ತದೆ. ಅದು ನಿಮ್ಮ ಕುರ್ಚಿಯವರೆಗೆ ಬರುವುದಿಲ್ಲ.

ಕಾರು ಕಾಣಬೇಕಾ?

ನಾಟಕ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಸಿನಿಮಾ ಹೊರಗೂ ಹೋಗುತ್ತದೆ. ಊರಿನ ರಸ್ತೆ, ಕಡಲು, ಆ ಇಬ್ಬರ ಕಾರು ಕಣ್ಣಿಗೆ ಬೀಳುತ್ತವೆ.

ಮೊದಲ ಅಂಕದಲ್ಲಿ ಸ್ಟಾನ್ಲಿ ಮೆಗ್‌ಳನ್ನು ಹೆದರಿಸುವುದಕ್ಕೆ ಒಂದು ಮಾತು ಹೇಳುತ್ತಾನೆ. ಇವತ್ತು ಅವರು ಬರ್ತಾರೆ, ವ್ಯಾನಿನಲ್ಲಿ ಬರ್ತಾರೆ, ವ್ಯಾನಿನೊಳಗೆ ಒಂದು ತಳ್ಳುಗಾಡಿ ಇರುತ್ತೆ, ಯಾರನ್ನೋ ಹುಡುಕ್ತಿದ್ದಾರೆ ಅಂತ. ಮೆಗ್ ನಡುಗುತ್ತಾಳೆ. ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಬಂದವಳು ಪಕ್ಕದ ಮನೆಯ ಲುಲು, ಕೈಯಲ್ಲಿ ಒಂದು ಪಾರ್ಸಲ್. ಮೂರನೇ ಅಂಕದಲ್ಲಿ ಹೊರಗೆ ನಿಂತ ದೊಡ್ಡ ಕಾರು ನೋಡಿ ಮೆಗ್ ಕೇಳುವುದು ಅದರಲ್ಲಿ ತಳ್ಳುಗಾಡಿ ಇದೆಯಾ ಅಂತಲೇ. ರಾತ್ರಿ ನಡೆದದ್ದೆಲ್ಲ ಮರೆತವಳಿಗೆ ಆ ತಳ್ಳುಗಾಡಿ ಮಾತ್ರ ನೆನಪಿದೆ. ಇಡೀ ನಾಟಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ರಂಗದಲ್ಲಿ ಆ ಕಾರನ್ನು ನಾವು ನೋಡುವುದೇ ಇಲ್ಲ. ಹಾಗಾಗಿ ಅದು ಎಷ್ಟು ಬೇಕಾದರೂ ದೊಡ್ಡದಾಗಬಹುದು, ಒಳಗೆ ಏನು ಬೇಕಾದರೂ ಇರಬಹುದು. ಸಿನಿಮಾದಲ್ಲಿ ಅದು ನಾಲ್ಕು ಚಕ್ರದ ಕಾರು ಅಷ್ಟೆ. ಹೊರಗಿನ ದೃಶ್ಯಗಳನ್ನು ಫ್ರೀಡ್ಕಿನ್ ಹದವಾಗಿಯೇ ಬಳಸಿದ್ದಾರೆ, ಒಪ್ಪುತ್ತೇನೆ. ಕಡಲತೀರದ ಆ ಬೇಸರದ ಬೆಳಕು ಊರಿನ ಬಗ್ಗೆ ತುಂಬಾ ಹೇಳುತ್ತದೆ, ಇಂಗ್ಲೆಂಡನ್ನು ನೋಡದ ನಮಗಂತೂ ಅದರಿಂದ ಉಪಕಾರವೇ ಆಗುತ್ತದೆ. ಆದರೂ ಕಾರನ್ನು ತೋರಿಸಿದ್ದರಿಂದ ಹೆದರಿಕೆ ಒಂದು ಚೂರು ಕಡಿಮೆಯಾಯಿತು ಅಂತಲೇ ನನ್ನ ಅನಿಸಿಕೆ.

ನಟರು

ಸಿನಿಮಾದ ದೊಡ್ಡ ಬಂಡವಾಳ ಇದು. ಸ್ಟಾನ್ಲಿಯಾಗಿ ರಾಬರ್ಟ್ ಶಾ. ಮುಂದೆ ‘ಜಾಸ್’ನಲ್ಲಿ ಶಾರ್ಕ್ ಬೇಟೆಗಾರನಾಗಿ ಜಗತ್ತಿಗೆಲ್ಲ ಗೊತ್ತಾದವರು. ಅಂಥ ಗಟ್ಟಿ ಆಳು ಇಲ್ಲಿ ಕುಗ್ಗಿ ಹೋಗುವುದನ್ನು ನೋಡುವುದು ಕಷ್ಟವಾಗುತ್ತದೆ, ಅಷ್ಟು ಚೆನ್ನಾಗಿದೆ. ಮಕ್ಯಾನ್ ಆಗಿ ಪ್ಯಾಟ್ರಿಕ್ ಮಗೀ. ಅವರ ಗೊಗ್ಗರು ದನಿ ಕೇಳಿಯೇ ಸ್ಯಾಮ್ಯುಯೆಲ್ ಬೆಕೆಟ್ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ ನಾಟಕ ಬರೆದರು. 1964ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಪಿಂಟರ್ ಅವರೇ ನಿರ್ದೇಶಿಸಿದ ‘ಬರ್ತ್‌ಡೇ ಪಾರ್ಟಿ’ಯಲ್ಲೂ ಮಕ್ಯಾನ್ ಪಾತ್ರ ಮಗೀ ಅವರದೇ. ಗೋಲ್ಡ್‌ಬರ್ಗ್ ಆಗಿ ಸಿಡ್ನಿ ಟಾಫ್ಲರ್. ನಗುತ್ತಾ, ಅಮ್ಮನ ನೆನಪು, ಹಳೇ ದಿನಗಳ ನೆನಪು ಹೇಳುತ್ತಾ ಕತ್ತು ಕೊಯ್ಯುವ ಮನುಷ್ಯ. ಡ್ಯಾಂಡಿ ನಿಕಲ್ಸ್ ಅವರ ಮೆಗ್ ಇನ್ನೂ ಒಂದು ತೂಕ ಹೆಚ್ಚು. ಕಾರ್ನ್‌ಫ್ಲೇಕ್ಸ್ ಚೆನ್ನಾಗಿದೆಯಾ ಅಂತ ಗಂಡನನ್ನು ಕೇಳುವ ಆ ಹೆಂಗಸಿನ ಪೆದ್ದುತನವನ್ನೂ ಒಂಟಿತನವನ್ನೂ ಒಟ್ಟಿಗೆ ಹಿಡಿದಿದ್ದಾರೆ. ಪುಸ್ತಕ ಓದುವಾಗ ಮೆಗ್ ಬರೀ ನಗೆಪಾಟಲಿನ ಪಾತ್ರ ಅನ್ನಿಸುವ ಅಪಾಯ ಇದೆ. ನಿಕಲ್ಸ್ ಅವರನ್ನು ನೋಡಿದ ಮೇಲೆ ಆ ತಪ್ಪು ಆಗುವುದಿಲ್ಲ.

ಪೀಟಿ ಎಂಬ ಪರೀಕ್ಷೆ

ಪೀಟಿ ಪಾರ್ಟಿಯ ರಾತ್ರಿ ಮನೆಯಲ್ಲಿರುವುದಿಲ್ಲ. ಚೆಸ್ ಆಡುವುದಕ್ಕೆ ಹೋಗಿರುತ್ತಾನೆ. ಬೆಳಿಗ್ಗೆ ಸ್ಟಾನ್ಲಿಗೆ ಏನೋ ಆಗಿದೆ ಅಂತ ಪೀಟಿಗೆ ಗೊತ್ತಾಗುತ್ತದೆ. ಡಾಕ್ಟರಿಗೆ ತೋರಿಸೋಣ ಅಂತಾನೆ. ಗೋಲ್ಡ್‌ಬರ್ಗ್ ಎಲ್ಲ ವ್ಯವಸ್ಥೆ ಆಗಿದೆ ಅಂತಾನೆ. ಕರೆದುಕೊಂಡು ಹೊರಟಾಗ ಪೀಟಿ, ಬಿಡಿ ಅವನನ್ನ, ಅಂತಾನೆ. ಗೋಲ್ಡ್‌ಬರ್ಗ್ ತಿರುಗಿ ನಯವಾಗಿ ಕೇಳುತ್ತಾನೆ: ನೀವೂ ನಮ್ಮ ಜೊತೆ ಬನ್ನಿ, ಕಾರಿನಲ್ಲಿ ಬೇಕಾದಷ್ಟು ಜಾಗ ಇದೆ. ಪೀಟಿ ಕದಲುವುದಿಲ್ಲ. ಅವರು ಬಾಗಿಲು ಮುಟ್ಟಿದಾಗ ಒಡೆದ ದನಿಯಲ್ಲಿ ಒಂದು ಮಾತು ಕೂಗುತ್ತಾನೆ: ಸ್ಟಾನ್, ಅವರು ಹೇಳಿದ ಹಾಗೆಲ್ಲ ಕೇಳಬೇಡ! ಬದುಕಿನುದ್ದಕ್ಕೂ ಈ ಸಾಲನ್ನೇ ಬದುಕಿದ್ದೇನೆ ಅಂತ ಪಿಂಟರ್ ಮುಂದೆ ಹೇಳಿಕೊಂಡಿದ್ದರು.

ಆಮೇಲೆ ಮೆಗ್ ಬಂದು ಸ್ಟಾನ್ ಎದ್ದನಾ ಅಂತ ಕೇಳಿದರೆ, ಮಲಗಿರಲಿ ಬಿಡು ಅಂತ ಪೀಟಿ ಸುಳ್ಳು ಹೇಳುತ್ತಾನೆ.

ಒಬ್ಬ ಮುದುಕ, ನಾಲ್ಕು ಹೆಜ್ಜೆ ದೂರದಲ್ಲಿ ಅನ್ಯಾಯ ನಡೆಯುತ್ತಿದೆ, ಅವನ ಕಾಲು ಏಳುವುದಿಲ್ಲ. ರಂಗದ ಮೇಲೆ ಆ ನಾಲ್ಕು ಹೆಜ್ಜೆ ಕಣ್ಣಿಗೆ ಕಾಣುತ್ತವೆ. ನೀವು ಆಗ ಯಾರನ್ನು ನೋಡುತ್ತಿದ್ದಿರಿ, ಕರೆದೊಯ್ಯುವವರನ್ನೋ ನಿಂತವನನ್ನೋ ಅನ್ನೋದು ನಿಮಗೆ ಬಿಟ್ಟದ್ದು. ನೀವೂ ಕುರ್ಚಿಯಲ್ಲಿ ಕೂತಲ್ಲೇ ಇದ್ದೀರಿ, ಎದ್ದಿಲ್ಲ. ಸಿನಿಮಾದಲ್ಲಿ ಪೀಟಿಯ ಮುಖ ಸಿಗುತ್ತದೆ, ಮೌಲ್ಟ್ರಿ ಕೆಲ್ಸಾಲ್ ಆ ಪಾತ್ರವನ್ನು ಮರ್ಯಾದೆಯಿಂದ ಮಾಡಿದ್ದಾರೆ. ಆದರೆ ಕ್ಲೋಸಪ್‌ನಲ್ಲಿ ದೂರ ಕಾಣುವುದಿಲ್ಲ. ಅವನ ಮೇಲೆ ಕನಿಕರ ಹುಟ್ಟುತ್ತದೆ. ರಂಗದಲ್ಲಾದರೆ ನಾಚಿಕೆ ಹುಟ್ಟುತ್ತದೆ, ನಮ್ಮ ಬಗ್ಗೆಯೂ. ನಾಟಕವೇ ಮೂಲ ಅನ್ನೋ ಗೌರವಕ್ಕಿಂತ ಈ ಒಂದು ಕಾರಣಕ್ಕೆ ನಾನು ನಾಟಕವನ್ನು ಒಂದು ಮೆಟ್ಟಿಲು ಮೇಲೆ ಇಡುತ್ತೇನೆ.

ಹಾಗಾದರೆ ನೀವು ಏನು ಮಾಡಬೇಕು?

ನಿಮ್ಮ ಊರಿನಲ್ಲಿ ಯಾವುದಾದರೂ ತಂಡ ಇದನ್ನು ಆಡುತ್ತಿದ್ದರೆ ಬೇರೆ ಯೋಚನೆ ಬೇಡ. ಓದದೆ, ಸಿನಿಮಾ ನೋಡದೆ, ನೇರ ಹೋಗಿ ಕೂತುಬಿಡಿ. ಸಾಧ್ಯವಾದರೆ ಸ್ವಲ್ಪ ಹಿಂದಿನ ಸಾಲಿನಲ್ಲೇ ಕೂರಿ, ಇಡೀ ಕೋಣೆ ಕಾಣುವ ಹಾಗೆ.

ಪ್ರದರ್ಶನ ಸಿಗದಿದ್ದರೆ, ಅದು ನಮ್ಮಲ್ಲಿ ಬಹಳಷ್ಟು ಜನರ ಪಾಡು, ಪುಸ್ತಕ ಮೊದಲು. ಫೇಬರ್ ಪ್ರಕಾಶನದ ಪ್ರತಿ ಸಿಗುತ್ತದೆ. ಇಂಗ್ಲಿಷ್ ಕಷ್ಟದ್ದಲ್ಲ, ಮನೆಮಾತಿನ ಸಣ್ಣ ಸಣ್ಣ ವಾಕ್ಯಗಳು. ಒಬ್ಬರೇ ಕಣ್ಣಲ್ಲಿ ಓದುವುದಕ್ಕಿಂತ ಇಬ್ಬರು ಮೂವರು ಸೇರಿ ಪಾತ್ರ ಹಂಚಿಕೊಂಡು ಜೋರಾಗಿ ಓದಿ. ರಂಗಸೂಚನೆಯನ್ನೂ ಒಬ್ಬರು ಓದಲಿ, ತಡೆ ಅಂತ ಇದ್ದ ಕಡೆ ನಿಜವಾಗಿ ನಿಲ್ಲಿ. ವಿಚಾರಣೆಯ ಭಾಗ ಜೋರಾಗಿ ಓದಿದಾಗ ಮಾತ್ರ ಅದರ ಲಯ ಹಿಡಿಯುತ್ತದೆ.

ನಾಟಕದ ಪುಸ್ತಕ ಓದಿ ಅಭ್ಯಾಸವೇ ಇಲ್ಲ, ಪಾತ್ರದ ಹೆಸರು ಮತ್ತು ಎರಡು ಚುಕ್ಕೆ ನೋಡಿದರೆ ನಿದ್ದೆ ಬರುತ್ತದೆ ಅನ್ನುವವರು ಸಿನಿಮಾದಿಂದ ಶುರು ಮಾಡಿದರೆ ಏನೂ ನಷ್ಟವಿಲ್ಲ. ಸಿನಿಮಾ ಮೋಸ ಮಾಡುವುದಿಲ್ಲ, ಪಿಂಟರ್ ಅವರ ಮಾತನ್ನೇ ಕೇಳಿಸುತ್ತದೆ. ಫ್ರೀಡ್ಕಿನ್ ಅವರ ಭಯದ ಸಿನಿಮಾಗಳನ್ನು ಮೆಚ್ಚಿದವರೂ ಇಲ್ಲಿಂದಲೇ ಬನ್ನಿ. ರಕ್ತ, ಕೊಲೆ, ಬೆಚ್ಚಿಬೀಳಿಸುವ ಸದ್ದುಗಳನ್ನು ನಿರೀಕ್ಷಿಸಬೇಡಿ, ಅಷ್ಟೆ.

ಇನ್ನೂ ಒಂದು ದಾರಿ ಇದೆ. 1987ರಲ್ಲಿ ಬಿಬಿಸಿ ಟಿವಿಗೆ ಮಾಡಿದ ರೂಪ. ಅದರಲ್ಲಿ ಗೋಲ್ಡ್‌ಬರ್ಗ್ ಪಾತ್ರವನ್ನು ಪಿಂಟರ್ ಅವರೇ ಮಾಡಿದ್ದಾರೆ, ಮೆಗ್ ಆಗಿ ಜೋನ್ ಪ್ಲೋರೈಟ್. ಬರೆದವರ ಬಾಯಲ್ಲೇ ಆ ಮಾತು ಕೇಳುವ ಆಸೆ ಇದ್ದವರು ಹುಡುಕಿ ನೋಡಿ. ಮೊದಲ ಪರಿಚಯಕ್ಕೆ ಮಾತ್ರ ನಾನು 1968ರದ್ದನ್ನೇ ಹೇಳುತ್ತೇನೆ.

ನಾಟಕವನ್ನು ಆಡಿಸಬೇಕು ಅಂತ ಹೊರಟವರಿಗೆ ನನ್ನ ಸಲಹೆ ಪೂರ್ತಿ ಬೇರೆ. ಪಾತ್ರ ಹಂಚಿ, ರಿಹರ್ಸಲ್ ಅರ್ಧ ದಾಟುವವರೆಗೆ ಸಿನಿಮಾ ಹತ್ತಿರವೂ ಹೋಗಬೇಡಿ. ಶಾ ಅವರ ಸ್ಟಾನ್ಲಿ, ಮಗೀ ಅವರ ಮಕ್ಯಾನ್ ಒಮ್ಮೆ ಕಣ್ಣಿಗೆ ಅಂಟಿದರೆ ನಿಮ್ಮ ಹುಡುಗರು ಅವರನ್ನೇ ನಕಲು ಮಾಡುತ್ತಾರೆ. ಮೊದಲು ಕೂರುವ ಜಗಳವನ್ನು ಮೂರು ಕುರ್ಚಿ ಇಟ್ಟುಕೊಂಡು, ಮಾತೇ ಇಲ್ಲದೆ, ಬರೀ ಏಳುವುದು ಕೂರುವುದರಲ್ಲಿ ಆಡಿಸಿ ನೋಡಿ. ಅದು ಕೈಗೆ ಬಂದ ಮೇಲೆ ಎಲ್ಲರೂ ಸೇರಿ ಸಿನಿಮಾ ನೋಡಬಹುದು.